ಎಡಚಿಯ ಕುಡುಗೋಲು

"ಅಯ್ಯೋ, ಕೀಳಬೇಡಿ! ಕೈ ತೆಗೀರಿ ಮೊದ್ಲು!"

ಜಗದಾಂಬಾ ಓಡಿ ಬಂದು ಆ ಅಪರಿಚಿತನ ಮಣಿಕಟ್ಟನ್ನು ಹಿಡಿದೇಬಿಟ್ಟಳು. ಅವನ ಮುಷ್ಟಿಯಲ್ಲಿ ಬೇರುಸಮೇತ ಬಂದ ಸಲಾಡ್ ಸೊಪ್ಪಿನ ಗಿಡ. ಹಿಡಿದ ಮೇಲೆ ಅವಳಿಗೆ ಅರಿವಾಯಿತು... ತಾನು ಹಿಡಿದಿರುವುದು ಒಬ್ಬ ಗಂಡಸಿನ ಕೈ!

"ಕದಿಯೋಕೆ ಬಂದಿಲ್ಲ ಕಣ್ರೀ, ಕೊಳ್ಳೋಕೆ ಬಂದೆ," ಎಂದು ಅವನು ನಕ್ಕ. "ವೆಂಕಟಗಿರಿ ಅಂತ. ದಂಡಿನ ಕಡೆ, ಕಂಟೋನ್ಮೆಂಟ್ ಹೋಟ್ಲುಗಳಿಗೆ ಸೈಕಲ್ಲಲ್ಲಿ ತರಕಾರಿ ಹಾಕ್ತೀನಿ."

"ಯಾರಾದ್ರೇನು? ಬೇರು ಕಿತ್ರೆ ಮುಗೀತು. ಸುಳಿ ಬಿಟ್ಟು ಕೊಯ್ದ್ರೆ ಮತ್ತೆ ಚಿಗುರುತ್ತೆ!"

ಅವನ ಕೈ ಬಿಡುವುದನ್ನು ಮಾತ್ರ ಮರೆತಿದ್ದಳು ಹುಡುಗಿ.

ಅದು ೧೯೫೪ರ ಚಳಿಗಾಲ. ಅತ್ತಿಗುಪ್ಪೆಯ ಆ ಪುಟ್ಟ ತೋಟ ಅವಳ ಅಪ್ಪ ಮುನಿರಾಮಯ್ಯನದು. ಮಗಳು ಎಡಚಿ ಎಂದು ಅವನಿಗೆ ಮೊದಲಿನಿಂದಲೂ ಅಸಮಾಧಾನ. ಆದರೆ ಆ ಎಡಗೈಯ ಕುಯಿಲೇ ಅವನ ಮನೆ ನಡೆಸುತ್ತಿತ್ತು! ಊರಿನ ಹೆಂಗಸರು ಒಂದೊಂದೇ ಎಲೆ ಬಿಡಿಸಿ, ಬುಟ್ಟಿಗೆ ಹಾಕಲು ಎದ್ದು ಕೂತು ಮಾಡುತ್ತಿದ್ದರು. ಜಗದಾಂಬಾ ಹಾಗಲ್ಲ. ಒದ್ದೆ ಗೋಣಿಯನ್ನು ಜೋಳಿಗೆಯಂತೆ ಬಲಸೊಂಟಕ್ಕೆ ಕಟ್ಟುವಳು. ಬಲಗೈಯಲ್ಲಿ ಎಲೆಗಳನ್ನು ಒಟ್ಟಿಗೆ ಹಿಡಿದು ಎಡಗೈಯ ಕುಡುಗೋಲಿನಿಂದ ಕೊಯ್ದರೆ, ಸೊಪ್ಪು ನೇರ ಜೋಳಿಗೆಗೆ. ಬಿಸಿಲೇರುವ ಮೊದಲೇ ಮಡಿಯೆಲ್ಲ ಖಾಲಿ, ಎಲೆ ಬಾಡುವ ಮಾತೇ ಇಲ್ಲ. ಮುನಿರಾಮಯ್ಯ ದಿನಾ ಬಾವಿಕಟ್ಟೆಯಿಂದಲೇ ಅದನ್ನು ನೋಡುತ್ತಿದ್ದ.

ವೆಂಕಟಗಿರಿ ದಿನಾ ಬಂದ. ಕಾಯುವ ಬದಲು ತಾನೂ ಕೊಯ್ಯುತ್ತೇನೆಂದ.

"ನೀವು ಬಲಗೈಯವರು. ನಿಮಗೆ ಜೋಳಿಗೆ ಎಡಕ್ಕೆ ಇರ್ಬೇಕು," ಎನ್ನುತ್ತ ಅವಳೇ ಅವನ ಎಡಸೊಂಟಕ್ಕೆ ಗೋಣಿ ಬಿಗಿದಳು. ಗಂಟು ತಪ್ಪಿ, ಬಿಚ್ಚಿ ಮತ್ತೆ ಹಾಕಿದಳು. 'ದೇವರೇ, ಇವರಿಗೆ ಗೊತ್ತಾಗದಿರಲಿ...'

"ಎಡಚಿ ಅಂತ ಬೈತಾರಲ್ಲ, ಅವ್ರಿಗೇನು ಗೊತ್ತು," ಎಂದ ಅವನು ಮೆಲ್ಲಗೆ. "ಈ ಕೈಯನ್ನ ಜೀವನಪೂರ್ತಿ ನೋಡ್ತಾ ಇರೋಣ ಅನ್ಸುತ್ತೆ."

ಅಂದು ಅವಳು ಊಟವನ್ನೇ ಮಾಡಲಿಲ್ಲ. ಹಸಿವಾದರೆ ತಾನೇ!

ಆ ಸಂತೋಷಕ್ಕೆ ಆಯಸ್ಸು ಕಡಿಮೆ. ಒಂದು ಬೆಳಗ್ಗೆ ರಾಗಿ ಅಂಬಲಿ ಕುಡಿಯುತ್ತ ಮುನಿರಾಮಯ್ಯ ಹೇಳಿದ, "ಲಗ್ಗೆರೆ ಅಂಜಿನಯ್ಯನ ತೋಟದಲ್ಲೂ ಈಗ ನಿನ್ ಥರಾನೇ ಕೊಯ್ತಾರೆ ಕಣಮ್ಮ. ಆ ಸೈಕಲ್ಲಿನವನೇ ಹೇಳ್ಕೊಟ್ನಂತೆ. ಇನ್ನು ನಮ್ ಸೊಪ್ಪನ್ನ ಯಾರು ಕೇಳ್ತಾರೆ?"

ಜಗದಾಂಬಾ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟಳು. ಕೈ ಹಿಡಿದು ಕಲಿಸಿದ್ದು ಅವನೊಬ್ಬನಿಗೆ ಮಾತ್ರ...

ವೆಂಕಟಗಿರಿ ಬಂದಾಗ ಅವಳು ಬೇಲಿಯಾಚೆಯೇ ತಡೆದಳು. "ನನ್ನ ಕೈಕೆಲಸಾನ ಲಗ್ಗೆರೆಗೆ ಮಾರ್ಕೊಂಡ್ರಾ?"

ಅವನ ಮುಖ ಬಿಳಿಚಿತು. "ನಾನಲ್ಲ."

"ಮತ್ಯಾರು? ಹೇಳಿ!"

ಅವನು ಬಾಯಿ ತೆರೆದ. ಬಾವಿಕಟ್ಟೆಯಲ್ಲಿ ನಿಂತಿದ್ದ ಮುನಿರಾಮಯ್ಯನತ್ತ ನೋಡಿ ಮತ್ತೆ ಮುಚ್ಚಿದ. "ನನ್ನನ್ನ ನಂಬಿ... ಅಷ್ಟೇ ಹೇಳೋಕಾಗೋದು."

"ಕಳ್ಳರೆಲ್ಲ ಹಂಗೇ ಹೇಳೋದು! ಇನ್ಮೇಲೆ ಈ ಬೇಲಿ ಹತ್ರ ಬರ್ಬೇಡಿ!"

ಅವನು ತಲೆ ತಗ್ಗಿಸಿ ಸೈಕಲ್ ತಿರುಗಿಸಿದ. ಒಂದು ಮಾತಾಡಿ ಸಾಯಬಾರದಿತ್ತೇ ಆ ಪುಣ್ಯಾತ್ಮ! ಅವನ ಮೌನವೇ ಅವಳಿಗೆ ತಪ್ಪೊಪ್ಪಿಗೆಯಾಗಿ ಕಂಡಿತು. ಅಂಜಿನಯ್ಯನ ಮಗನಿಗೆ ಅವಳನ್ನು ಕೊಡುವ ಮಾತನ್ನು ಅಪ್ಪ ಎತ್ತಿದಾಗ, ಉರಿಯುವ ಕಣ್ಣಿನಲ್ಲೇ "ನಿಮ್ಮಿಷ್ಟ" ಎಂದುಬಿಟ್ಟಳು.

ಮನೆ ನೋಡಲು ಜಗದಾಂಬಾ, ಅಪ್ಪ ಮತ್ತು ಅಮ್ಮ ಮುನಿತಾಯಮ್ಮ ಎತ್ತಿನ ಗಾಡಿಯಲ್ಲಿ ಲಗ್ಗೆರೆಗೆ ಹೋದರು. ತೋಟದಲ್ಲಿ ಆಳುಗಳು ಸೊಪ್ಪು ಕೊಯ್ಯುತ್ತಿದ್ದರು. ನೋಡಬಾರದು ಎಂದುಕೊಂಡೇ ಜಗದಾಂಬಾ ನೋಡಿದಳು... ನೋಡುತ್ತ ನಿಂತುಬಿಟ್ಟಳು.

ಎಲ್ಲರ ಕುಡುಗೋಲೂ ಬಲಗೈಯಲ್ಲಿ. ಆದರೆ ಜೋಳಿಗೆಯೂ ಬಲಸೊಂಟದಲ್ಲಿ! ಎಡಗೈಯಲ್ಲಿ ಹಿಡಿದ ಸೊಪ್ಪನ್ನು ಪ್ರತಿ ಸಲ ಹೊಟ್ಟೆಯ ಮುಂದಿನಿಂದ ಆಚೆಗೆ ದಾಟಿಸಿ ತುಂಬುತ್ತಿದ್ದರು. ಅರ್ಧ ಸೊಪ್ಪು ನೆಲದ ಪಾಲು.

ವೆಂಕಟಗಿರಿ ಕಲಿಸಿದ್ದರೆ ಜೋಳಿಗೆ ಎಡಕ್ಕಿರಬೇಕಿತ್ತು. ಇದು ಕಲಿತವರು ಹೇಳಿಕೊಟ್ಟದ್ದಲ್ಲ. ದೂರದಿಂದ ತನ್ನನ್ನು ನೋಡಿದವರು, ತಾನು ಎಡಚಿ ಎನ್ನುವುದನ್ನೂ ಯೋಚಿಸದೆ ಹಾಗೇ ಹೇಳಿಕೊಟ್ಟದ್ದು. ದಿನಾ ಬಾವಿಕಟ್ಟೆಯಲ್ಲಿ ನಿಂತು ನೋಡುತ್ತಿದ್ದವರು...

"ಅಪ್ಪಾ, ಇವರಿಗೆ ಹೇಳ್ಕೊಟ್ಟಿದ್ದು ನೀವು!"

ಮುನಿರಾಮಯ್ಯ ಹೆಗಲ ಟವೆಲು ಸರಿಮಾಡಿಕೊಂಡ. "ಮೆಲ್ಲಗೆ ಮಾತಾಡು. ಸಂಬಂಧ ಕುದುರ್ಲಿ ಅಂತ ತೋರಿಸ್ದೆ, ಏನೀಗ? ಜಮೀನಿಲ್ಲದ ಸೈಕಲ್ಲಿನವನಿಗೆ ನಿನ್ನ ಕೊಡ್ಲಾ?"

"ತೋರಿಸಿದ್ರೆ ತೋರಿಸಿ. ಅವ್ರ ತಲೆ ಮೇಲೆ ಯಾಕಪ್ಪ ಹಾಕಿದ್ರಿ? ನಾನು ನಿಮ್ಮನ್ನ ನಂಬಿ ಅವ್ರನ್ನ ಕಳ್ಳ ಅಂದೆ..."

ಮುನಿರಾಮಯ್ಯ ಅಂಜಿನಯ್ಯನ ಕಡೆ ತಿರುಗಿ ನಕ್ಕ. ತನ್ನ ಕೈಯನ್ನೂ ಮನಸ್ಸನ್ನೂ ಒಂದೇ ಏಟಿಗೆ ವ್ಯಾಪಾರ ಮಾಡಿದವನು, ಹೆತ್ತ ಅಪ್ಪ! "ಈ ಮನೆಗೆ ನಾನು ಬರಲ್ಲ," ಎಂದು ಅಂಜಿನಯ್ಯನ ಎದುರೇ ಹೇಳಿ ನಡೆದೇಬಿಟ್ಟಳು. ಮುನಿತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗಳ ಹಿಂದೆಯೇ ಹೊರಟಳು, ಗಂಡನ ಹಿಂದಲ್ಲ.

ಮರುದಿನ ಬೆಳಗ್ಗೆ ಜಗದಾಂಬಾ ಮೈಸೂರು ರಸ್ತೆಯಲ್ಲಿ ಕಾದಳು. ಕೆಂಗೇರಿ ಕಡೆಯಿಂದ ತರಕಾರಿ ಹೇರಿಕೊಂಡು ಬಂದ ಸೈಕಲ್ ಅವಳನ್ನು ಕಂಡು ತಾನಾಗಿಯೇ ನಿಂತಿತು.

"ನಿಮಗೆ ಗೊತ್ತಿತ್ತಾ, ಅಪ್ಪ ಅಂತ?"

"ಲಗ್ಗೆರೇಲಿ ಅವ್ರನ್ನ ನೋಡಿದ್ದೆ," ಎಂದ ವೆಂಕಟಗಿರಿ.

"ಹೇಳ್ಬಾರದಾಗಿತ್ತಾ! ಎಷ್ಟು ಅತ್ತೆ ಗೊತ್ತಾ ನಿಮಗೋಸ್ಕರ?"

"ಹೇಳಿದ್ರೆ ನಿಮ್ಮಪ್ಪನಿಗೋಸ್ಕರ ಅಳ್ತಿದ್ರಿ. ಅದಕ್ಕೆ ನಾನು ಕಾರಣ ಆಗ್ಬಾರ್ದು ಅಂತ..."

"ಈಗ ಇಬ್ರಿಗೋಸ್ಕರಾನೂ ಅತ್ತಾಯ್ತು." ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದಳು. "ಕಳ್ಳ ಅಂದೆ... ನನ್ನ ಕ್ಷಮಿಸ್ತೀರಾ?"

"ಆ ಮಾತು ಚುಚ್ಚಿತು, ಸುಳ್ಳು ಹೇಳಲ್ಲ. ಆದ್ರೂ ದಿನಾ ಅತ್ತಿಗುಪ್ಪೆ ತಿರುವಲ್ಲಿ ಸೈಕಲ್ ಇಳಿದು ನಿಲ್ತಿದ್ದೆ."

"ನಂಗೆ ನೀವೇ ಬೇಕು," ಎಂದಳು ಜಗದಾಂಬಾ, ನಾಚಿಕೆ ಬಿಟ್ಟು. "ಬೇರೆ ಯಾರೂ ಬೇಡ."

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. "ನಂಗೆ ಜಮೀನಿಲ್ಲ, ಜಗದಾಂಬಾ."

"ಗುತ್ತಿಗೆಗೆ ತಗೊಳ್ಳೋಣ. ಕೊಯ್ಯೋಕೆ ಇಬ್ರಿದ್ದೀವಲ್ಲ."

"ಮನೆಗೆ ಬಂದು ಹೆಣ್ಣು ಕೇಳ್ತೀನಿ. ಆದ್ರೆ... ನಿಮ್ಮಪ್ಪ ಬಾಗಿಲು ಹಾಕ್ಕೊಂಡ್ರೆ?"

ಜಗದಾಂಬಾ ಕಣ್ಣೊರೆಸಿಕೊಂಡಳು.

"ಬನ್ನಿ ನೀವು. ಒಳಗಿಂದ ನಾನು ತೆಗೀತೀನಿ."