ಯಾರ ಕಲ್ಲು?

“ಮೂರು ಅಂದ ತಕ್ಷಣ ಎಲ್ಲರೂ ಒಟ್ಟಿಗೇ ಎಸೀಬೇಕು. ಆಗ ಯಾರ ಕಲ್ಲು ಅಂತ ದೇವರಿಗೂ ಗೊತ್ತಾಗಲ್ಲ,” ಎಂದ ಅಣ್ಣ.

ಶಾಲೆ ಬಿಟ್ಟ ಹೊತ್ತು. ಬೀದಿಯಲ್ಲಿ ಏಳು ಮಕ್ಕಳು, ಕೈಯಲ್ಲಿ ಏಳು ಕಲ್ಲು, ಮೂಗಿನ ಮೇಲೆ ಏಳು ನೀಲಿ ಕರ್ಚೀಫು. ಎಲ್ಲರಿಗಿಂತ ಚಿಕ್ಕವಳು ಅಣ್ಣನ ತಂಗಿ ಪುಟಾಣಿ. ಎದುರಿಗೆ ಟೈಲರ್ ಮಾಮನ ಅಂಗಡಿಯ ಗಾಜಿನ ಬಾಗಿಲು. ಒಳಗೆ ಮಾಮ ಮಿಷನ್ ತುಳಿಯುತ್ತಿದ್ದರು.

ಮಾಮನ ದೇವರು ಬೇರೆ, ಪ್ರಾರ್ಥನೆ ಬೇರೆ. ಬೀದಿಯಲ್ಲಿ ಯಾರಿಗೂ ಅದೊಂದು ವಿಷಯವೇ ಆಗಿರಲಿಲ್ಲ. ಎರಡು ವಾರದಿಂದ ಅಣ್ಣ ದೊಡ್ಡ ಹುಡುಗರ ಜೊತೆ ಸೇರಿ ‘ನಾವು, ಅವರು’ ಎನ್ನಲು ಕಲಿತಿದ್ದ. ಮಾಮ ನಮ್ಮ ದೇವರನ್ನು ಬೈದರಂತೆ. ಕೇಳಿಸಿಕೊಂಡವರು ಯಾರು ಎಂದು ಪುಟಾಣಿ ವಿಚಾರಿಸಿದ್ದಳು. ಗುಂಪಿನಲ್ಲಿ ಉದ್ದಕಾಲ ಎಂದು ಕರೆಸಿಕೊಳ್ಳುವವನು ಗುಂಡನತ್ತ ಬೆರಳು ತೋರಿಸಿದ, ಗುಂಡ ಅಣ್ಣನತ್ತ, ಅಣ್ಣ ದೊಡ್ಡ ಹುಡುಗರತ್ತ. ಕೇಳಿಸಿಕೊಂಡ ಕಿವಿ ಮಾತ್ರ ಎಲ್ಲೂ ಸಿಗಲಿಲ್ಲ!

“ನೀನು ನಮ್ಮ ಕಡೆ ಇದೀಯೋ ಇಲ್ವೋ?” ಎಂದು ಅಣ್ಣ ಗದರಿದ್ದ. ಪುಟಾಣಿ ಬಾಯಿ ಮುಚ್ಚಿಕೊಂಡಿದ್ದಳು. ಅಣ್ಣ ಸೇರಿಸದಿದ್ದರೆ ಅವಳಿಗೆ ಆಟವೂ ಇಲ್ಲ, ಗೆಳೆಯರೂ ಇಲ್ಲ.

“ಒಂದು,” ಎಂದ ಅಣ್ಣ.

ಅಷ್ಟರಲ್ಲಿ ಮಾಮನೇ ಬಾಗಿಲು ತೆಗೆದರು. ಎಲ್ಲರ ಕೈಯೂ ಬೆನ್ನ ಹಿಂದೆ ಹೋಯಿತು.

“ಏನ್ರಪ್ಪಾ, ಸ್ಪೋರ್ಟ್ಸ್ ಮುಗೀತಾ? ಕರ್ಚೀಫು ಅಳತೆ ಸರಿಯಾಯ್ತಾ?”

ಎಡವಟ್ಟು ನೋಡಿ! ಸ್ಪೋರ್ಟ್ಸ್‌ಗೆ ಎಂದು ಸುಳ್ಳು ಹೇಳಿ ಅಣ್ಣ ಆ ಕರ್ಚೀಫು ಹೊಲಿಸಿದ್ದು ಇವರ ಹತ್ತಿರವೇ. ಯೂನಿಫಾರ್ಮಿನಲ್ಲಿ ಉಳಿದ ಬಟ್ಟೆಯಲ್ಲಿ ಮಾಮ ಪುಕ್ಕಟೆ ಹೊಲಿದುಕೊಟ್ಟಿದ್ದರು. ಮಾಮ ಅಂಗಿಯ ಮೇಲಿನ ನೂಲು ಕೊಡವಿ ಒಳಗೆ ಹೋದರು.

“ಎರಡು.”

ಪುಟಾಣಿಗೆ ಸಿಟ್ಟು ನೆತ್ತಿಗೇರಿತು. ಕರ್ಚೀಫು ಕಿತ್ತಳು, ಕಲ್ಲನ್ನು ಚರಂಡಿಗೆಸೆದಳು, ಹೋಗಿ ಗಾಜಿನ ಮುಂದೆ ನಿಂತಳು. ಕಾಲು ಗಡಗಡ ನಡುಗುತ್ತಿತ್ತು. ನಡುಗಿದರೆ ನಡುಗಲಿ ಎಂದು ನಿಂತೇ ಇದ್ದಳು.

“ಪಕ್ಕಕ್ಕೆ ಹೋಗೇ.”

“ಹೋಗಲ್ಲ. ದೇವರಿಗೋಸ್ಕರ ಅಂತೀಯ, ಮತ್ತೆ ದೇವರಿಗೂ ಗೊತ್ತಾಗಲ್ಲ ಅಂತೀಯ. ಎಸೀರಿ. ಆದ್ರೆ ಒಬ್ಬೊಬ್ಬರೇ ಬಂದು, ಮುಖ ತೋರಿಸಿ ಎಸೀರಿ.”

ಯಾರೂ ಅಲುಗಾಡಲಿಲ್ಲ. ಉದ್ದಕಾಲ ಗುಂಡನನ್ನು ನೋಡಿದ, ಗುಂಡ ಅಣ್ಣನನ್ನು ನೋಡಿದ. ಅಣ್ಣ ಬೀದಿಯ ಕೊನೆಗೆ ನೋಡಿದ. ಅಲ್ಲಿ ದೊಡ್ಡ ಹುಡುಗರು ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದರು. ಅವರ ಕೈ ಖಾಲಿಯಾಗಿತ್ತು.

ಪುಟಾಣಿ ಅದನ್ನು ನೋಡಿದಳು. ಆಮೇಲೆ ಅಣ್ಣನ ಕಣ್ಣು ನೋಡಿದಳು. ತನ್ನ ಕಾಲಿನಲ್ಲಿದ್ದ ಹೆದರಿಕೆಯೇ ಅಲ್ಲೂ ಇತ್ತು.

ಅವಳು ಹತ್ತಿರ ಹೋಗಿ ಕೈ ಚಾಚಿದಳು.

“ಆ ಕಲ್ಲು ಕೊಡಿಲ್ಲಿ, ಅಣ್ಣಾ.”