ದೋಣಿಯೊಳಗಿನ ಕೆರೆ

ಮುಚ್ಚಿದ್ದ ತೆಂಗಿನ ಗರಿಗಳನ್ನು ಸರಿಸಿದ ಬಸವರಾಜು ಹಾಗೆಯೇ ನಿಂತುಬಿಟ್ಟ. ದೋಣಿಯ ತುಂಬ ನೀರು. ಅಂಚಿನವರೆಗೂ—ಇನ್ನೊಂದು ಬೊಗಸೆ ಹಾಕಿದರೆ ಚೆಲ್ಲುವಷ್ಟು.

ಮಳೆ ನಿಂತು ಹದಿನೈದು ದಿನವಾಗಿತ್ತು. ಎಂಜಿನ್ನಿನ ಪ್ಲಗ್ಗು ತರಲು ತಿಪಟೂರಿಗೆ ಹೋದವನು, ಅಲ್ಲಿ ಸಿಗದೆ ತುಮಕೂರು ಸುತ್ತಿ ಐದು ದಿನದ ಮೇಲೆ ಈಗಷ್ಟೇ ಊರಿಗೆ ಬಂದಿದ್ದ. ಹೋಗುವಾಗ ದೋಣಿ ಒಣಕೊಬ್ಬರಿಯ ಹಾಗಿತ್ತು.

"ಗಂಗೀ," ಎಂದು ತಂಗಿಯನ್ನು ಕರೆದ. ದನಿ ಸಣ್ಣಗಾಗಿತ್ತು. "ಯಾರೋ ನನ್ನ ಹೊಟ್ಟೆ ಮೇಲೆ ಹೊಡೆದವ್ರೆ ಕಣೇ."

ಯಾವುದೋ ಇಲಾಖೆಯವರು ಹರಾಜು ಹಾಕಿದ್ದ ಆ ಮೋಟಾರು ದೋಣಿ ವರ್ಷಗಟ್ಟಲೆ ಕೆರೆ ಏರಿಯ ಕೆಳಗೆ ಮಗುಚಿ ಬಿದ್ದಿತ್ತು. ಒಳಗೆ ಓತಿಕೇತಗಳು ಸಂಸಾರ ಹೂಡಿದ್ದವು. ಪಂಪ್‌ಸೆಟ್ಟು ಬಿಚ್ಚಿ ಕಟ್ಟಿದ ಧೈರ್ಯವೊಂದನ್ನು ಬಿಟ್ಟರೆ ಬಸವರಾಜುವಿಗೆ ದೋಣಿಯ ವಿದ್ಯೆ ಏನೇನೂ ತಿಳಿಯದು; ಜನ್ಮದಲ್ಲಿ ದೋಣಿ ಹತ್ತಿದವನೂ ಅಲ್ಲ. ಆದರೂ ಗಾಡಿಗೆ ಹೇರಿಕೊಂಡು ತೋಟಕ್ಕೆ ತಂದ. ಕೊಬ್ಬರಿ ಮನೆತನದ ಹುಡುಗ. ಒಣಗಿದಷ್ಟೂ ಒಳ್ಳೆಯದು ಎಂದು ತೊಟ್ಟಿಲಲ್ಲೇ ಕಲಿತವನು. ಬಡಿದರೆ ಠಣ್ಣೆನ್ನುವ ಹಾಗೆ ಬೇಸಿಗೆಯಿಡೀ ಹಲಗೆ ಒಣಗಿಸಿದ. ಸಂದಿಗೆ ತೆಂಗಿನ ನಾರು ತುರುಕಿ, ಡಾಂಬರು ಮೆತ್ತಿ, ಮೇಲೆ ನೀಲಿ ಬಣ್ಣ ಬಳಿದ.

ಅಪ್ಪ ಹುಚ್ಚರಂಗಯ್ಯನಿಗೆ ಇದು ಮೊದಲಿಂದಲೂ ಹಿಡಿಸಿರಲಿಲ್ಲ. ಹಿಡಿದ ಕೆಲಸ ಒಂದನ್ನೂ ಮುಗಿಸದ ಮಗ, ಬಯಲುಸೀಮೆಯಲ್ಲಿ ಕೂತು ದೋಣಿ ಮಾಡುತ್ತಾನಂತೆ. ಆ ಎಂಬತ್ತೊಂದನೇ ಇಸವಿಯ ಯುಗಾದಿಯ ದಿನ ದೇವರ ಮುಂದೆ ನಿಂತು ಹೇಳಿಯೂಬಿಟ್ಟಿದ್ದ: "ಕೆರೇಲಿ ತೇಲ್ಲಿಲ್ಲ ಅಂದ್ರೆ ಕೊಡ್ಲಿ ನಾನೇ ತತ್ತೀನಿ. ತೇಲೋಗಂಟ ಅದರ ಸುದ್ದಿ ಒಂದು ಮಾತೂ ಆಡಾಕಿಲ್ಲ." ಆಡಿದ ಮಾತು ತಪ್ಪುವ ಮನುಷ್ಯನಲ್ಲ. ಅಂದಿನಿಂದ ದೋಣಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಈ ಸಲ ಕೆರೆ ಕೋಡಿ ಬಿದ್ದಿತ್ತು. ನಾಳೆ ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುವ ದಿನ. ಬಾಗಿನದ ಮೊರಗಳನ್ನು ನಡುಗೆರೆಗೆ ಒಯ್ಯುವುದು ತನ್ನ ದೋಣಿಯೇ ಎಂದು ಬಸವರಾಜು ದಬ್ಬೇಘಟ್ಟದ ಸಂತೆಯವರೆಗೂ ಸಾರಿಕೊಂಡು ಬಂದಿದ್ದ. ನಾಳೆ ತೇಲದಿದ್ದರೆ ನಾಡಿದ್ದು ನೀಲಿ ಹಲಗೆಗಳು ನೀರೊಲೆಗೆ.

ಗಂಗಿ, ಅಂದರೆ ಚಿಕ್ಕಗಂಗಮ್ಮ, ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ನೆಂಟರು ಬಂದರೆ ಅಟ್ಟದ ಮೆಟ್ಟಿಲ ಮೇಲೆ ಹೋಗಿ ಕೂರುವವಳು. ಅಲ್ಲಿಂದ ಅವಳಿಗೆ ಕಾಣದ್ದು ಮಾತ್ರ ಕಡಿಮೆ. ದೋಣಿಯನ್ನು ಒಂದು ಸುತ್ತು ಹಾಕಿದಳು. ಕೂರುವ ಹಲಗೆ, ಹಗ್ಗ, ಬಣ್ಣದ ಡಬ್ಬಿ—ಒಳಗಿದ್ದವೆಲ್ಲ ಪಕ್ಕದ ಕಲ್ಲಿನ ಮೇಲೆ ಒಪ್ಪವಾಗಿದ್ದವು. ದೋಣಿಯ ಕೆಳಗೆ ನೆಲ ಕೆಸರು. ಬಗ್ಗಿ ಹಲಗೆಯ ಸಂದಿಗೆ ಬೆರಳಿಟ್ಟಳು. ಬೆರಳಿಗೆ ನೀರು ತಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಇಬ್ಬರು ಬಂದರು. ಒಬ್ಬ ಕೆಂಚಯ್ಯ—ಕೆರೆಯ ಮೀನು ಹಿಡಿಯುವವನು. ಮೋಟಾರಿನ ಸದ್ದಿಗೆ ಮೀನು ಬೆದರುತ್ತವೆ ಎಂದು ಅವನ ತಕರಾರು. ಇನ್ನೊಬ್ಬ ದೊಡ್ಡಪ್ಪನ ಮಗ ದೊಡ್ಡಣ್ಣ. ದೋಣಿ ತೇಲಿದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆಂದು ಪಂಥ ಕಟ್ಟಿದವನು.

ಬಸವರಾಜು ಸುತ್ತಿ ಬಳಸಲಿಲ್ಲ. "ಕೆಂಚಯ್ಯಣ್ಣ, ಈ ದೋಣಿ ನಿಂಗೆ ಬ್ಯಾಡವಾಗಿತ್ತು. ಅಲ್ವಾ?"

"ಬ್ಯಾಡವಾಗಿತ್ತು. ಈಗ್ಲೂ ಬ್ಯಾಡ."

"ಹಂಗಾರೆ ನೀರು ತುಂಬ್ಸಿದ್ದು ನೀನೇ?"

"ದೋಣಿ ಮುಳುಗಿಸೋನು ದೋಣೀನ ಕೆರೆಗೆ ಒಯ್ತಾನೆ ಕಣಪ್ಪ. ಕೆರೇನ ಹೊತ್ಕೊಂಡು ದೋಣಿ ತಾವ್ಕೆ ಬತ್ತಾನಾ?"

ದೊಡ್ಡಣ್ಣ ನಕ್ಕ. ಬಸವರಾಜು ಅವನತ್ತ ತಿರುಗಿದ. "ನೀನೇನ್ಲಾ ನಗೋದು? ಮೀಸೆ ಉಳಿಸ್ಕೊಳಾಕೆ ನೀನೇ ಮಾಡಿದ್ರೆ?"

"ಮೀಸೆಗೇನ್ಲಾ ಭಯ? ಹೋದ ವಾರ ಇದರೊಳಕ್ಕೆ ಬಗ್ಗಿ ನೋಡ್ದೆ. ಬಣ್ಣ ಬಿರಿದು ಸಂದೀಲಿ ನೆಲ ಕಾಣ್ತಿತ್ತು. ನಿನ್ನ ದೋಣಿ ಜರಡಿ. ಜರಡಿಗೆ ಯಾವನ್ಲಾ ನೀರು ತುಂಬ್ತಾನೆ?"

ಬಸವರಾಜು ಬಕೆಟ್ಟಿಗೆ ಕೈಹಾಕಿದ. ಎಲ್ಲ ಎತ್ತಿ ಚೆಲ್ಲಿ, ಸಂಜೆವರೆಗೂ ಬಿಸಿಲಿಗೆ ಒಡ್ಡಿ ಮತ್ತೆ ಠಣ್ಣೆನ್ನಿಸುತ್ತೇನೆ ಎಂದು ಹಲ್ಲು ಕಚ್ಚಿದ. ಅತ್ತ ಹುಚ್ಚರಂಗಯ್ಯ ಮರದಡಿ ಕೂತು ಕಾಯಿ ಸುಲಿಯುತ್ತಿದ್ದ. ಬಕೆಟ್ಟಿನ ಸದ್ದಿಗೆ ಅವನ ಕೈ ಒಂದು ಗಳಿಗೆ ನಿಂತದ್ದನ್ನು ಗಂಗಿಯೊಬ್ಬಳು ನೋಡಿದಳು. ದಡದಡನೆ ತೋಟದೊಳಕ್ಕೆ, ಎಳೆ ಸಸಿಗಳ ಸಾಲಿನವರೆಗೆ ಹೋದಳು. ನೋಡಿದಳು. ಹಾಗೆಯೇ ಓಡಿ ಬಂದಳು.

"ಅಣ್ಣ, ಬಕೆಟ್ಟು ಕೆಳಗಿಡು."

ಮೂವರೂ ತಿರುಗಿದರು. ಅವಳು ಯಾರಿಗೂ ಹೀಗೆ ಅಪ್ಪಣೆ ಮಾಡಿದ್ದಿಲ್ಲ. ಅವಳ ಕಿವಿ ಕೆಂಪಾಯಿತು, ಆದರೂ ನಿಲ್ಲಿಸಲಿಲ್ಲ.

"ದೊಡ್ಡಣ್ಣ, ಸಂದೀಲಿ ನೆಲ ಕಾಣ್ತಿತ್ತು ಅಂದ್ಯಲ್ಲ. ಈಗ ಒಂದು ಹನಿ ತೊಟ್ಟಿಕ್ತದಾ, ನೋಡು."

ದೊಡ್ಡಣ್ಣ ಬಗ್ಗಿ ನೋಡಿದ. ಕೈ ಮೀಸೆಯ ಮೇಲೆ ಹೋಯಿತು.

"ಕೆಂಚಯ್ಯಣ್ಣ, ಗಾಡಿ ಚಕ್ರ ಒಣಗಿ ಕಬ್ಬಿಣದ ಪಟ್ಟಿ ಸಡಿಲಾದ್ರೆ ಏನ್ಮಾಡ್ತೀರಿ?"

"ಕೆರೇಲಿ ನೆನೆ ಹಾಕ್ತೀವಿ. ಮರ ಊದ್ಕೊಂಡು ಬಿಗೀತದೆ—" ಎಂದವನು ಅಲ್ಲಿಗೇ ತಡೆದ. "ಅಯ್ಯೋ ಶಿವನೇ."

"ಅಷ್ಟೇ. ಅಣ್ಣ ಕೊಬ್ಬರಿ ಒಣಗಿಸಿದಂಗೆ ದೋಣೀನ ಒಣಗಿಸಿ ಸಂದಿ ಬಾಯಿ ಬಿಡಿಸಿದ್ದ. ಯಾರೋ ಸೋರಿದಷ್ಟೂ ನೀರು ತುಂಬಿ, ಅದನ್ನ ನೆನೆಸಿ ಮುಚ್ಚಿಸಿದ್ದಾರೆ. ಕೆಡಿಸೋಕೆ ಬಂದವರು ಬಣ್ಣದ ಡಬ್ಬಿ ಎತ್ತಿಟ್ಟು, ಗರಿ ಮುಚ್ಚಿ ಹೋಗ್ತಾರಾ?"

"ಯಾರೇ ಅದು?" ಬಸವರಾಜುವಿನ ಕೈಯಿಂದ ಬಕೆಟ್ಟು ಜಾರಿತು.

"ನಾವೆಲ್ಲ ಒದ್ದೆಯಾಗಿದ್ದನ್ನೇ ನೋಡ್ತಾ ನಿಂತ್ವಿ. ಒಣಗಿದ್ದನ್ನ ಯಾರೂ ನೋಡ್ಲಿಲ್ಲ. ನೀನು ಊರಲ್ಲಿಲ್ಲದಾಗ ಕರೆಂಟು ಬಂದಾಗೆಲ್ಲ ಪಂಪು ಓಡಿದ್ದು ನನಗೆ ಮನೆಗೇ ಕೇಳಿಸ್ತಿತ್ತು. ಈಗ ಹೋಗಿ ನೋಡ್ದೆ. ಎಳೆ ಸಸಿಗಳ ಪಾತಿ ಬಿರುಕು ಬಿಟ್ಟವೆ. ಓಡಿದ ಪಂಪಿನ ನೀರು ಎಲ್ಲಿಗೆ ಹೋಯ್ತು? ಪಂಪಿನ ಮನೆ ಬೀಗದ ಕೈ ಯಾರ ಉಡಿದಾರದಲ್ಲಿ ಐತೆ?"

ಎಲ್ಲರ ಕಣ್ಣೂ ಮರದಡಿಗೆ ಹೋಯಿತು. ಸಸಿಗೆ ಒಂದು ಸರದಿ ನೀರು ತಪ್ಪಿದರೆ ಅನ್ನ ಸೇರದ ಮನುಷ್ಯ ಕೈಯಲ್ಲಿದ್ದ ಕಾಯನ್ನು ಪೂರ್ತಿ ಸುಲಿದು ರಾಶಿಗೆ ಎಸೆದ.

"ಅಪ್ಪ," ಎಂದ ಬಸವರಾಜು. "ಒಂದು ಮಾತು ಹೇಳಬಾರ್ದಿತ್ತಾ?"

ಹುಚ್ಚರಂಗಯ್ಯ ಟವೆಲು ಕೊಡವಿ ಎದ್ದ. "ಸಸಿಗೆ ನೀರು ಬುಡಬೇಕು. ಹೊತ್ತಾಯ್ತು," ಎಂದು ಪಂಪಿನ ಮನೆಯ ಕಡೆ ನಡೆದ. ದೋಣಿ ಇನ್ನೂ ತೇಲಿರಲಿಲ್ಲವಲ್ಲ.

ಗಾಡಿಗೆ ಏರಿಸುವ ಹೊತ್ತಿಗಷ್ಟೇ ನೀರು ಚೆಲ್ಲಿರೆಂದು ಹೇಳಿಕೊಟ್ಟವನು ಕೆಂಚಯ್ಯನೇ. ಮರುದಿನ ಬೆಳಿಗ್ಗೆ ದೋಣಿ ಕೆರೆಗಿಳಿದು ಒಮ್ಮೆ ಓಲಾಡಿತು. ಆಮೇಲೆ ಎಮ್ಮೆಯಂತೆ ನೆಮ್ಮದಿಯಾಗಿ ನಿಂತಿತು. ಏರಿಯ ಮೇಲೆ ಅರ್ಧ ಮೀಸೆಯ ದೊಡ್ಡಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಗಂಗಿ ಬಾಗಿನದ ಮೊರ ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಯಾರೂ ಕರೆಯದೆ ಹುಚ್ಚರಂಗಯ್ಯ ಪಂಚೆ ಎತ್ತಿ ಕಟ್ಟಿ ಬಂದು ಮುಂದಿನ ಹಲಗೆಯ ಮೇಲೆ ಕೂತ. ಬಗ್ಗಿ ತಳ ತಡವಿದ. ಹೊಸದಾಗಿ ಒಂದು ಹನಿಯೂ ಒಸರಿರಲಿಲ್ಲ.

ಬಸವರಾಜು ಹಗ್ಗ ಜಗ್ಗಿದ. ಎಂಜಿನ್ನು ಕೆಮ್ಮಿತು, ಗುಡುಗಿತು. ದೋಣಿ ದಡ ಬಿಟ್ಟದ್ದೇ ತಡ, ಯುಗಾದಿಯಿಂದ ಕೂಡಿಟ್ಟಿದ್ದ ಮಾತು ಕೋಡಿ ಬಿತ್ತು.

"ಲೇ, ಬಲಕ್ಕೆ ತಿರುಗಿಸ್ಲಾ, ಕೆಂಚಯ್ಯನ ಬಲೆ ಐತೆ ಅಲ್ಲಿ. ಮೆಲ್ಲಗೆ. ಅಲ್ಲ ಕಣ್ಲಾ, ಇಷ್ಟು ಬಣ್ಣ ಇರುವಾಗ ನೀಲಿ ಯಾಕ್ಲಾ ಬಳ್ದೆ? ದಡದಲ್ಲಿರೋರಿಗೆ ಕಾಣೋದು ಬ್ಯಾಡ್ವಾ?"