ಮ್ಯಾಟಿ ಬಟ್ಟೆಯ ಹಿಂಬದಿ

ಶಿಡ್ಲಘಟ್ಟದ ಮೌನಿಕಾ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನಲ್ಲಿ ಹೊಲಿದ ಗಿಳಿಯೊಂದು ಒಂದು ಬೆಳಿಗ್ಗೆ ಬಟ್ಟೆ ಬಿಟ್ಟು ಹಾರಿಹೋಯಿತು. ಚಿಂತಾಮಣಿಯವರೆಗೆ ಹೋಗಿ, ಯಾರದೋ ತೋಟದಲ್ಲಿ ಸೀಬೆಹಣ್ಣು ತಿಂದು, ಬಿಸಿಲು ಜಾಸ್ತಿಯೆಂದು ವಾಪಸ್ಸು ಬಸ್ಸಿನ ಟಾಪಿನ ಮೇಲೆ ಕೂತು ಬಂದು, ಸಂಜೆಗೆ ಅದೇ ತೂತುಗಳಲ್ಲಿ ಅದೇ ಹಸಿರು ದಾರವಾಗಿ ಕೂತುಬಿಟ್ಟಿತು. ಕೊಕ್ಕಿನಲ್ಲಿ ಒಂದು ಸೀಬೆ ಬೀಜ ಇನ್ನೂ ಅಂಟಿಕೊಂಡಿತ್ತು!

ನಂಬುವುದಿಲ್ಲವೇ? ಬೇಡ ಬಿಡಿ. ಮುಂದೆ ಹೇಳುವುದನ್ನಾದರೂ ನಂಬಿ.

ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೌನಿಕಾಳ ಅಂಗಡಿ. ಸೂಜಿ, ದಾರದ ಲಡಿ, ರಿಂಗು, ತೂತು ಎಣಿಸಿ ಹೊಲಿಯುವ ಮ್ಯಾಟಿ ಬಟ್ಟೆ. ಮಧ್ಯಾಹ್ನ ನಾಲ್ಕಾರು ಹೆಣ್ಣುಮಕ್ಕಳು ಕಸೂತಿ ಕಲಿಯಲು ಬರುತ್ತಾರೆ.

ಒಂದು ಮಧ್ಯಾಹ್ನ ಅವರೆಲ್ಲ ಹೋದ ಮೇಲೆ ಬಾಗಿಲಲ್ಲಿ ಒಂದು ನೆರಳು ಬಿತ್ತು.

ಮೌನಿಕಾ ತಲೆ ಎತ್ತಿದಳು. ಸೂಜಿ ಬೆರಳಿಗೆ ಚುಚ್ಚಿತು.

ಹರಿಕೃಷ್ಣ!

ಸಾದಲಿಯ ಹರಿಕೃಷ್ಣನೆಂದರೆ ಸಾಮಾನ್ಯನೇ? ಆರೂವರೆ ಅಡಿ ಎತ್ತರ. ಅವನು ನಕ್ಕರೆ ರೇಷ್ಮೆಹುಳುಗಳು ನಾಲ್ಕು ದಿನ ಮುಂಚೆಯೇ ಗೂಡು ಕಟ್ಟುತ್ತಿದ್ದವು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ, ಅವನು ರಜೆ ಹಾಕಿದ ದಿನ ಮೆಷೀನುಗಳೇ ಮುಷ್ಕರ ಹೂಡುತ್ತಿದ್ದವು.

ಆದರೆ ಅವತ್ತು ಅವನು ನಗಲಿಲ್ಲ. ಕಂಕುಳಲ್ಲಿ ಟವೆಲು ಸುತ್ತಿದ ಒಂದು ಹಳೆಯ ಫ್ರೇಮು ಇತ್ತು.

"ಇದು ರಿಪೇರಿ ಆಗುತ್ತಾ?"

ಮೂರು ವರ್ಷಗಳ ಮೇಲೆ ಅವನಾಡಿದ ಮೊದಲ ಮಾತು!

"ನೋಡ್ತೀನಿ... ಇಟ್ಟು ಹೋಗಿ."

'ಹೋಗಿ!' ಮೌನಿಕಾಳಿಗೆ ತನ್ನ ಬಾಯಿಂದಲೇ ಬಂದ ಮಾತು ಚುರುಕ್ಕೆಂದಿತು. 'ಹರಿ, ಬಾರೋ ಇಲ್ಲಿ' ಎಂದು ಕರೆಯುತ್ತಿದ್ದವಳಲ್ಲವೇ ನಾನು?

"ಮೂಲೇಲಿ ಗೆದ್ದಲು ತಿಂದಿದೆ. ನಮ್ಮಜ್ಜಿ ಹೊಲಿದಿದ್ದು. ಅಮ್ಮ ಸರಿ ಮಾಡ್ಸು ಅಂದ್ರು, ಅದಕ್ಕೆ ಬಂದೆ. ಇಲ್ದಿದ್ರೆ ಬರ್ತಿರ್ಲಿಲ್ಲ."

"ಅಜ್ಜಿ... ಹೇಗಿದ್ದಾರೆ?"

"ಹೋಗಿ ಎರಡು ತಿಂಗಳಾಯ್ತು."

ಅಷ್ಟೇ. ತಿರುಗಿ ನೋಡದೆ ಹೊರಟುಹೋದ. ಟವೆಲು ಸುತ್ತಿದ ಫ್ರೇಮನ್ನು ಮೌನಿಕಾ ಕೌಂಟರಿನ ಮೇಲಿಟ್ಟಳು.

ಇಬ್ಬರೂ ಮೊದಲು ಸಿಕ್ಕಿದ್ದು ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿನ ಮುಂದಿನ ಸಾಲಿನಲ್ಲಿ. ಹಳೇ ಪಹಣಿಯ ನಕಲಿಗೆ ಮೌನಿಕಾ ನಿಂತಿದ್ದಳು. ಅವಳ ಹಿಂದೆ ಇವನು.

"ಏನ್ರೀ, ಜಮೀನು ವ್ಯಾಜ್ಯಾನಾ?" ಎಂದ.

"ಅಲ್ಲ. ನಮ್ಮ ವಂಶವೃಕ್ಷ ಹೊಲೀತಿದೀನಿ."

"ಹೊಲೀತೀರಾ? ವಂಶವೃಕ್ಷ ಆಫೀಸಲ್ಲೇ ಪ್ರಿಂಟ್ ಹಾಕಿ ಕೊಡ್ತಾರಲ್ರೀ! ಸೂಜಿ ಯಾಕೆ ಚುಚ್ಕೋತೀರಾ?"

"ಅವರ ಪ್ರಿಂಟಲ್ಲಿ ಬರೀ ಗಂಡಸರ ಹೆಸರು. ನನ್ನ ಮರದಲ್ಲಿ ಒಬ್ಬ ಹೆಣ್ಣುಮಗಳೂ ಬಿಟ್ಟು ಹೋಗಲ್ಲ, ತಿಳ್ಕೊಳಿ!"

ಆ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಅದೇ ಅವಳ ಎದೆಗೆ ಇರಿಯಲಿದೆ.

ಆಮೇಲೆ ಆರು ತಿಂಗಳು ಅವರು ಪ್ರೀತಿಸಿದ ಪರಿಗೆ ಶಿಡ್ಲಘಟ್ಟದ ಕೆರೆಗೇ ನಾಚಿಕೆಯಾಗಿ ನೀರು ಕೆಂಪಾಗಿತ್ತು. ಅವಳು ದಿನಾ ಸಂಜೆ ಹೊಲಿದಷ್ಟನ್ನು ಫೋಟೋ ತೆಗೆದು ಕಳಿಸುವಳು. ಅವನು ಫೋನಿನಲ್ಲೇ ತೂತು ಎಣಿಸಿ ತಪ್ಪು ಹುಡುಕುವನು. ಕಾರ್ಖಾನೆಯಲ್ಲಿ ಅವನ ಕೆಲಸವೇ ತಪ್ಪು ಹುಡುಕುವುದು!

"ಎಡಗಡೆ ಕೊಂಬೇಲಿ ಒಂದು ಕ್ರಾಸ್ ಉಲ್ಟಾ ಬಿದ್ದಿದೆ ಕಣೇ. ಮೇಲಿನ ದಾರ ಎಲ್ಲಾ ಒಂದೇ ಕಡೆ ವಾಲ್ಬೇಕು ಅಂತ ನೀನೇ ಹೇಳಿದ್ದೆ!"

"ಬಿಚ್ತೀನಿ ಕಣೋ, ಬಾಯ್ಮುಚ್ಚು!"

ಒಂದು ದಿನ ಅವನೇ ಒಂದು ಫೋಟೋ ಕಳಿಸಿದ. 'ನಮ್ಮನೇಲೂ ಒಂದಿದೆ ನೋಡು. ಅಜ್ಜಿ ಮದುವೇಲಿ ಹೊಲಿದಿದ್ದು.'

ಎರಡು ಹಸಿರು ಗಿಳಿ. ಮೇಲೆ ಹಸಿರು ಅಕ್ಷರ: ಬಯ್ಯಪ್ಪನವರ ಮಗ ಮುನಿವೆಂಕಟಪ್ಪ. ಕೆಳಗೆ ಸಣ್ಣದಾಗಿ: ದಿಬ್ಬೂರಹಳ್ಳಿ.

ಮೌನಿಕಾ ಫೋಟೋ ದೊಡ್ಡದು ಮಾಡಿ ಮತ್ತೆ ಓದಿದಳು. ದಿಬ್ಬೂರಹಳ್ಳಿ ಬಯ್ಯಪ್ಪ! ಮರದ ಬುಡದಲ್ಲಿ ಕೊನೆಗೆ ಹೊಲಿಯಲೆಂದು ಅವಳು ಬರೆದಿಟ್ಟುಕೊಂಡಿದ್ದ ಹೆಸರೇ ಅದು. ಅವಳ ಮುತ್ತಾತ.

ಓಡಿಹೋಗಿ ಪಹಣಿ ತೆಗೆದಳು. ತನ್ನ ತಾತ ಮುನಿಶಾಮಪ್ಪನ ಹೆಸರಿನ ಮೇಲಿನ ಸಾಲಿನಲ್ಲೇ ಇತ್ತು: 'ಮುನಿವೆಂಕಟಪ್ಪ ಬಿನ್ ಬಯ್ಯಪ್ಪ.' ಬಿನ್ ಅಂದರೆ ಮಗ.

"ಅಪ್ಪಾ, ಈ ಮುನಿವೆಂಕಟಪ್ಪ ಯಾರು?"

ಅವಳ ಅಪ್ಪ ರಮೇಶ್‌ಬಾಬು ಪೇಪರಿನಿಂದ ಕಣ್ಣು ತೆಗೆಯಲಿಲ್ಲ. "ಅದ್ಯಾರೋ ಸಾದಲಿಯೋರಮ್ಮ. ನಾನು ಹುಟ್ಟೋಕೆ ಮುಂಚೇನೇ ಜಮೀನಲ್ಲಿ ಭಾಗ ತಗೊಂಡು ಹೋದ್ರಂತೆ. ಮಾತುಕತೆ ಇಲ್ಲ. ಭಾಗ ತಗೊಂಡ್ರು ಅಂದ್ಮೇಲೆ ದಾಯಾದಿಗಳೇ ಅಲ್ವೇನಮ್ಮ?"

ದಾಯಾದಿ! ಒಂದೇ ಬೆಡಗು, ಒಂದೇ ವಂಶ! ಹಾಗಾದರೆ ಹರಿ... ಅಣ್ಣನ ವರಸೆ!

ಅವತ್ತು ಅವಳು ಊಟ ಮಾಡಲಿಲ್ಲ. ಯಾರಿಗೆ ಹೇಳುವುದು? ಅಣ್ಣನಾಗಬೇಕಾದವನನ್ನು ಆರು ತಿಂಗಳು ಪ್ರೀತಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅವನಿಗೂ ಈ ಹೇಸಿಗೆ ಯಾಕೆ? ನನ್ನೊಬ್ಬಳಿಗೇ ಇರಲಿ...

ಹಾಗಾಗಿ ಒಂದು ಸುಳ್ಳು ಟೈಪು ಮಾಡಿದಳು.

'ಮನೇಲಿ ಬೇರೆ ಕಡೆ ನೋಡಿದಾರೆ. ನಾನೂ ಒಪ್ಪಿದೀನಿ. ಫೋನ್ ಮಾಡ್ಬೇಡ.'

ಅವನು ಹನ್ನೊಂದು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ಅರ್ಧಕ್ಕೆ ನಿಂತ ಮರವನ್ನು ಮಡಿಸಿ ಟ್ರಂಕಿಗೆ ಹಾಕಿದಳು. ಮನೆಯಲ್ಲಿ ನಿಜವಾಗಿಯೂ ಗಂಡು ನೋಡಿದಾಗಲೆಲ್ಲ ಏನಾದರೊಂದು ಕೊಂಕು ತೆಗೆದು ಕಳಿಸಿದಳು.

ಇತ್ತ ಹರಿಕೃಷ್ಣ? ಮೂರು ವರ್ಷ! ದಿನಾ ಸಂಜೆ ಕಾರ್ಖಾನೆ ಮುಗಿಸಿ, ಬಸ್ಸು ಹತ್ತಿ ಬಂದು, ಅವಳ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. ಅವನ ಕಣ್ಣೀರಿಗೆ ಕೆರೆ ಎರಡು ಸಲ ಕೋಡಿ ಬಿತ್ತು. ಬೇರೆ ಹೆಣ್ಣನ್ನು ಕಣ್ಣೆತ್ತಿಯೂ ನೋಡಲಿಲ್ಲ ಆ ಪುಣ್ಯಾತ್ಮ!

ಈಗ ಅದೇ ಫ್ರೇಮು ಅವಳ ಕೌಂಟರಿನ ಮೇಲಿತ್ತು.

ಹಿಂದಿನ ರಟ್ಟು ಬಿಚ್ಚಿ, ಬಟ್ಟೆಯನ್ನು ಮೆಲ್ಲಗೆ ಎಳೆದು ಹರವಿದಳು. ಅಕ್ಷರಗಳನ್ನು ನೋಡುತ್ತ ಅವಳ ಹುಬ್ಬು ಗಂಟಾಯಿತು.

'ಬಯ್ಯಪ್ಪನವರ' ಆದ ಮೇಲೆ ಯಾಕಿಷ್ಟು ಜಾಗ? ಬೇರೆಲ್ಲ ಪದಗಳ ನಡುವೆ ನಾಲ್ಕೇ ತೂತು. ಇಲ್ಲಿ ಹದಿಮೂರು! ಇಷ್ಟು ಅಚ್ಚುಕಟ್ಟಾಗಿ ಗಿಳಿ ಹೊಲಿದವರು ಲೆಕ್ಕ ತಪ್ಪಿದರೇ?

ಬಟ್ಟೆ ಮಗುಚಿದಳು. ಕ್ರಾಸ್ ಸ್ಟಿಚ್ ಹಾಕುವವಳ ಕೈಗುಣ ತಿಳಿಯಬೇಕಾದರೆ ಹಿಂಬದಿ ನೋಡಬೇಕು.

ಅಲ್ಲಿ ಹಸಿರು ದಾರದ ಅಡಿಯಲ್ಲಿ ಕೆಂಪು!

ಮುಂದಿನಿಂದ ಕತ್ತರಿಸಿ ತೆಗೆದ ಹಳೆಯ ಹೊಲಿಗೆಯ ಚೂರುಗಳು. ಹಿಂದುಗಡೆ ಸಿಕ್ಕಿಕೊಂಡು, ಸಾಲಾಗಿ, ಹಾಗೇ ಕೂತಿದ್ದವು. ಮೌನಿಕಾ ಬಟ್ಟೆಯನ್ನು ಗೋಡೆಯ ಕನ್ನಡಿಗೆ ಹಿಡಿದಳು.

ಅ... ಳಿ... ಯ.

ಬಯ್ಯಪ್ಪನವರ ಅಳಿಯ ಮುನಿವೆಂಕಟಪ್ಪ.

"ಅಯ್ಯೋ..." ಎಂದಳು. ಮಗನಲ್ಲ! ಅಳಿಯ! ಹಾಗಾದರೆ ಇದನ್ನು ಹೊಲಿದ ಅಜ್ಜಿ ಬಯ್ಯಪ್ಪನ ಸ್ವಂತ ಮಗಳು. ನನ್ನ ತಾತನ ಅಕ್ಕ! ಹರಿ ನನಗೆ ಅಣ್ಣನೇ ಅಲ್ಲ...

ಈ ಖಾಲಿ ಜಾಗವನ್ನು ಫೋಟೋದಲ್ಲಿ ಅವಳು ಮೂರು ವರ್ಷದ ಹಿಂದೆಯೇ ನೋಡಿದ್ದಳು. ದಿನಕ್ಕೆ ಸಾವಿರ ತೂತು ಎಣಿಸುವವಳು ಅವತ್ತು ಹದಿಮೂರು ಎಣಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಸಾದಲಿಗೆ ಬಸ್ಸು ಹತ್ತಿದಳು. ಚೀಲದಲ್ಲಿ ಆ ಫ್ರೇಮು.

ಬಾಗಿಲು ತೆಗೆದವರು ಹರಿಯ ತಾಯಿ ಶ್ಯಾಮಲಮ್ಮ. ಒಳಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ.

"ನಾನು ದಿಬ್ಬೂರಹಳ್ಳಿ ಮುನಿಶಾಮಪ್ಪನ ಮೊಮ್ಮಗಳು."

ಶ್ಯಾಮಲಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದೇವುಡಾ... ಈಗ ಬಂದ್ಯಾಮ್ಮ?"

ಆಮೇಲೆ ಅವರೇ ಹೇಳಿದರು. ಬಯ್ಯಪ್ಪನಿಗೆ ಬಹಳ ವರ್ಷ ಒಬ್ಬಳೇ ಮಗಳು, ಅನಸೂಯಮ್ಮ. ಅವಳಿಗೆ ಗಂಡು ತಂದು ಮನೆಯಲ್ಲೇ ಇಟ್ಟುಕೊಂಡರು.

"ಇಲ್ಲಟಂ ಅಳಿಯ ಅಂತೀವಲ್ಲ, ಹಂಗೆ. ಮನೇಲಿ ಮಗ ಇದ್ದಂಗೆ, ಜಮೀನಲ್ಲೂ ಮಗನ ಪಾಲು. ಬಯ್ಯಪ್ಪನೇ 'ನೀನು ಅಳಿಯ ಅಲ್ಲಪ್ಪ, ಮಗ' ಅಂದಿದ್ದಕ್ಕೆ ನಮ್ಮತ್ತೆ ಸಂತೋಷದಲ್ಲಿ ಅಳಿಯ ಅನ್ನೋದನ್ನ ಕಿತ್ತು ಮಗ ಅಂತ ಹೊಲಿದ್ರು. ಕಾಗದದಲ್ಲೂ ಹಂಗೇ ಬರೆಸಿದ್ರು. ಆಮೇಲೆ ನೋಡಮ್ಮ, ಮುದುಕನಿಗೆ ಮಗ ಹುಟ್ಟಿಬಿಟ್ಟ! ನಿಮ್ಮ ತಾತ. ಮನಸ್ಸು ಮುರೀತು. ನಮ್ಮ ಮಾವ ಪಾಲು ತಗೊಂಡು ತನ್ನೂರಿಗೆ ಬಂದ್ಬಿಟ್ರು."

"ಇದು... ಎಲ್ಲರಿಗೂ ಗೊತ್ತಿತ್ತಾ?"

"ಸಾದಲೀಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು. ನೀವು ಯಾರು ಕೇಳಿದ್ರಿ?"

ಮೌನಿಕಾ ಚೀಲದಿಂದ ಫ್ರೇಮು ತೆಗೆದು ಅವರ ಮುಂದಿಟ್ಟಳು.

"ಅತ್ತೆ ಹೋದಾಗ ತವರಿನ ಸೀರೆ ಹೊದಿಸ್ಬೇಕಲ್ಲಮ್ಮ. ತವರಿಂದ ಯಾರೂ ಬರ್ಲಿಲ್ಲ. ಕಾದ್ವಿ. ಮಧ್ಯಾಹ್ನದವರೆಗೂ ಕಾದ್ವಿ. ಕೊನೆಗೆ ಅಂಗಡೀದು ತರಿಸಿ ಹೊದಿಸಿದ್ವಿ."

ಒಂದೇ ತಾಲ್ಲೂಕು. ಒಂದು ಬಸ್ಸಿನ ದಾರಿ. 'ನನ್ನ ಮರದಲ್ಲಿ ಒಬ್ಬ ಹೆಣ್ಣುಮಗಳೂ ಬಿಟ್ಟು ಹೋಗಲ್ಲ' ಎಂದಿದ್ದಳು! ಬಿಟ್ಟುಹೋದ ಒಬ್ಬಳೇ ಒಬ್ಬಳು ಇಲ್ಲಿ ಮೂರು ವರ್ಷ ತವರಿನ ದಾರಿ ನೋಡುತ್ತ ಕೂತಿದ್ದಳು, ಉತ್ತರವನ್ನು ಮಡಿಲಲ್ಲೇ ಇಟ್ಟುಕೊಂಡು.

ಮೌನಿಕಾ ಅಳುತ್ತಿದ್ದಾಗ ಹರಿ ಸೊಪ್ಪಿನ ಮೂಟೆ ಹೊತ್ತು ಒಳಬಂದ. ಅವಳನ್ನು ನೋಡಿ ಮೂಟೆಯನ್ನು ಅಲ್ಲೇ ಇಳಿಸಿದ. ಶ್ಯಾಮಲಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಕಾಫಿ ನೆಪ ಮಾಡಿ ಒಳಗೆ ಹೋದರು.

"ಯಾಕೆ ಬಂದೆ?"

"ಹರಿ... ಬೇರೆ ಕಡೆ ನೋಡಿರ್ಲಿಲ್ಲ. ಅದು ಸುಳ್ಳು."

ಹೇಳಿದಳು. ಪಹಣಿ, ಬಿನ್, ದಾಯಾದಿ, ಅಣ್ಣ, ಎಲ್ಲ. ಅವನು ಗೋಡೆಗೆ ಒರಗಿ ಕೇಳಿದ.

"ಒಂದು ಮಾತು ಕೇಳೋಕಾಗ್ಲಿಲ್ವಾ ನಿಂಗೆ? ಒಂದೇ ಒಂದು ಮಾತು?"

"ಇಲ್ಲ."

"ಉಲ್ಟಾ ಬಿದ್ದಿರೋ ಒಂದು ಕ್ರಾಸ್‌ಗೆ ಇಡೀ ಕೊಂಬೆ ಬಿಚ್ಚೋಳು ನೀನು!"

"ಹೂಂ. ಈಗ ಮೂರು ವರ್ಷ ಹೇಗೆ ಬಿಚ್ಲಿ, ಹೇಳು..."

ಅವನು ಗೋಡೆ ಬಿಟ್ಟು ಬಂದ. ಪಕ್ಕದಲ್ಲಿ ಕೂತ. ಅವಳ ಬೆರಳಿನಲ್ಲಿ ಹಿಂದಿನ ದಿನ ಸೂಜಿ ಚುಚ್ಚಿದ ಗುರುತಿತ್ತು. ಅದರ ಮೇಲೆ ತನ್ನ ಹೆಬ್ಬೆರಳಿಟ್ಟ.

"ಅಣ್ಣ ಅಲ್ಲ ಅಂದ್ರೆ... ನಾನೀಗ ನಿಂಗೆ ಯಾವ ವರಸೆ?"

"ಮಾವನ ಮಗ ಆಗ್ತೀಯ," ಎಂದಳು ಮೂಗೊರೆಸಿಕೊಳ್ಳುತ್ತ. "ಬಾವ."

ಆ ಒಂದು ಪದಕ್ಕೆ ಮೂರು ತಾಲ್ಲೂಕಿನ ಗಿಳಿಗಳೆಲ್ಲ ಒಟ್ಟಿಗೆ ಆಕಾಶಕ್ಕೆ ಹಾರಿ, ಮದುವೆ ಛತ್ರದ ಮೇಲೆ ಹೂವಿನ...

"ಏಯ್! ಕೊಡಿಲ್ಲಿ ಫೋನು!"

ಬರೆಯುತ್ತಿದ್ದವನ ಕೈಯಿಂದ ಫೋನು ಕಿತ್ತುಕೊಂಡವಳು ಮೌನಿಕಾ. ಮದುವೆಯಾಗಿ ನಾಲ್ಕು ತಿಂಗಳು. ಕಥೆ ಬರೆಯುತ್ತಿದ್ದ ಮಹಾಶಯ ಹರಿಕೃಷ್ಣ ಕುರ್ಚಿಯಲ್ಲೇ ಕುಗ್ಗಿದ.

"ಆರೂವರೆ ಅಡಿ? ನನಗಿಂತ ನಾಲ್ಕು ಬೆರಳು ಎತ್ತರ ಇದೀಯಾ ಅಷ್ಟೇ!"

"ಕಥೇಲಿ ಸ್ವಲ್ಪ ಉಪ್ಪು ಖಾರ ಬೇಡ್ವೇನೇ?"

"ಮೂರು ವರ್ಷ ಬೇವಿನ ಮರದ ಕೆಳಗೆ ನಿಂತಿದ್ದ? ನನ್ನಂಗಡಿ ಎದುರಿಗೆ ಬೇವಿನ ಮರ ಎಲ್ಲಿದೆಯಪ್ಪಾ? ಇರೋದು ಟ್ರಾನ್ಸ್‌ಫಾರ್ಮರು!"

ಹರಿಕೃಷ್ಣ ತಲೆ ಕೆರೆದುಕೊಂಡ. ನಗಲು ನೋಡಿದ, ಆಗಲಿಲ್ಲ.

"ನಿಂತಿರ್ಲಿಲ್ಲ ಮೌನಿ. ಒಂದು ದಿನಾನೂ ಬರ್ಲಿಲ್ಲ. ಕೋಪ ಇತ್ತು. ಗೌರಿಬಿದನೂರಲ್ಲಿ ಎರಡು ಹೆಣ್ಣು ನೋಡ್ಕೊಂಡು ಬಂದೆ. ಅಳ್ಲೂ ಇಲ್ಲ."

"ಗೊತ್ತು. ಅತ್ತೆ ಹೇಳಿದ್ರು."

"ಇನ್ನೊಂದಿದೆ. ಅದು ಅಮ್ಮನಿಗೂ ಗೊತ್ತಿಲ್ಲ."

ಅವಳು ಫೋನು ಕೆಳಗಿಟ್ಟಳು.

"ನೀನು ಬಿಟ್ಟು ಹೋದಾಗ ಅಜ್ಜಿ ಕಂಡುಹಿಡಿದುಬಿಟ್ರು. 'ಆ ಹುಡುಗಿ ಯಾರ ಮನೆಯೋಳಪ್ಪಾ?' ಅಂತ ಕೇಳಿದ್ರು. ನಾನು ಹೇಳ್ಲಿಲ್ಲ. ಇನ್ನೊಂದು ಸಲ, ಹಾಸಿಗೆ ಹಿಡಿದ ಮೇಲೂ ಕೇಳಿದ್ರು. 'ಮುಗಿದಿದ್ದು ಯಾಕಜ್ಜಿ' ಅಂತ ರೇಗಿದೆ. ದಿಬ್ಬೂರಹಳ್ಳಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಎದ್ದು ಕೂತು, 'ನನ್ನ ತಮ್ಮನ ಮೊಮ್ಮಗಳಾ!' ಅಂದಿರೋರು. ತವರಿನ ಸೀರೆ ಬಂದಿರೋದು. ನೀನು ಕೇಳ್ಲಿಲ್ಲ ಅಂತ ಅವತ್ತು ನಿನ್ನ ಬೈದ್ನಲ್ಲ... ಕೇಳಿದೋರಿಗೆ ನಾನು ಹೇಳ್ಲಿಲ್ಲ."

ಗೋಡೆಯ ಮೇಲೆ ಮೌನಿಕಾಳ ಮರ ತೂಗುತ್ತಿತ್ತು. ಮುನಿಶಾಮಪ್ಪನ ಪಕ್ಕದ ಕೊಂಬೆಯಲ್ಲಿ ಕೆಂಪು ದಾರದಲ್ಲಿ ಅನಸೂಯಮ್ಮನ ಹೆಸರು. ಅದರ ಕೆಳಗೆ, ಅಜ್ಜಿಯ ಬಟ್ಟೆ ನೋಡಿ ಹೊಲಿದ ಅದೇ ಹಸಿರು ಗಿಳಿ.

ಮೌನಿಕಾ ಹೋಗಿ ಆ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಫೋನನ್ನು ಅವನ ಕೈಗೆ ವಾಪಸ್ಸು ಕೊಟ್ಟಳು.

"ಇದನ್ನೂ ಬರಿ."

"ಬೇವಿನ ಮರ ತೆಗೀಲಾ?"

"ಬೇಡ. ಮೇಲೆ ಹೊಲಿದಿದ್ದು ಹಂಗೇ ಇರ್ಲಿ, ಹಿಂಬದೀನೂ ಕಾಣ್ಲಿ."

"ಮತ್ತೆ... ಗಿಳಿ ಹಾರಿಹೋಗಿದ್ದು?"

ಅವಳು ಕಣ್ಣೊರೆಸಿಕೊಂಡು ಅವನ ಭುಜಕ್ಕೆ ಒರಗಿದಳು. ಒರಗಲು ಆ ನಾಲ್ಕು ಬೆರಳಿನ ಎತ್ತರ ಸರಿಯಾಗಿತ್ತು.

"ಸೀಬೆ ಬೀಜ ಮಾತ್ರ ಜಾಸ್ತಿಯಾಯ್ತು ಕಣೋ."